ದಾನಿಗಳ ಹೆಸರಿಲ್ಲದ ಕಾರು

ಭಾನುವಾರ ಬೆಳಗ್ಗೆ ಹಳೇ ಕಾರುಗಳ ಪ್ರದರ್ಶನಕ್ಕೆ ಹೋಗೋದು ಬೆಂಗಳೂರಿನಲ್ಲಿ ಈಗ ಒಂದು ಒಳ್ಳೇ ಹವ್ಯಾಸ. ಬಿಸಿಲು ಏರೋದಕ್ಕೆ ಮುಂಚೆ ಹೋಗಬೇಕು, ನಾಲ್ಕು ಫೋಟೋ ತೆಗೀಬೇಕು, "ನಮ್ಮ ತಾತನ ಹತ್ರಾನೂ ಇಂಥದ್ದೇ ಇತ್ತು" ಅಂತ ಪಕ್ಕದಲ್ಲಿ ನಿಂತವರಿಗೆ ಹೇಳಬೇಕು, ಆಮೇಲೆ ಮಸಾಲೆ ದೋಸೆಗೆ ಹೊರಡಬೇಕು. ನಾನೂ ಹಾಗೇ ಹೋಗಿದ್ದೆ. ಜೊತೆಗೆ ನಮ್ಮ ಕಾರು ನೋಡಿಕೊಳ್ಳುವ ಮೆಕ್ಯಾನಿಕ್ಕನ್ನೂ ಕರೆದುಕೊಂಡು ಹೋಗಿದ್ದೆ. ಅರವತ್ತು ದಾಟಿದ ಮನುಷ್ಯ. ಹದಿಮೂರನೇ ವಯಸ್ಸಿಗೆ ಸ್ಪ್ಯಾನರ್ ಹಿಡಿದವರು. ನಾನು ಅವರನ್ನ ಭಾಯ್ ಅಂತೀನಿ, ಅವರು ನನ್ನನ್ನ ಸಾರ್ ಅಂತಾರೆ.

ಅಲ್ಲೊಂದು ಕೆನೆ ಬಣ್ಣದ ಫಿಯಟ್ 1100ಡಿ ನಿಂತಿತ್ತು. ಕನ್ನಡಿ ಥರ ಹೊಳೀತಿತ್ತು. ಮುಂದೆ ಒಂದು ಬೋರ್ಡು: ಮಾಡೆಲ್ ವರ್ಷ, ಮಾಲೀಕರ ಹೆಸರು, ಮೊದಲು ಕೊಂಡ ಅಜ್ಜನ ಹೆಸರು, ಪೇಂಟ್ ಮಾಡಿದ ಅಂಗಡಿ, ಸೀಟು ಹೊಲಿದ ಅಂಗಡಿ. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ "100% ಒರಿಜಿನಲ್". ನಾನು ಮೆಚ್ಚಿಕೊಂಡು ಒಂದು ಸುತ್ತು ಬಂದೆ. ಭಾಯ್ ಎಡಗಡೆ ಬಾಗಿಲ ಹತ್ತಿರ ನಿಂತು ಮೆಲ್ಲಗೆ ನಕ್ಕರು.

"ಈ ಎರಡು ಬಾಗಿಲು ನಾವೇ ಹಾಕಿದ್ದು ಸಾರ್. ಪದ್ಮಿನಿದು."

"ಹಾಗಾದ್ರೆ ಒರಿಜಿನಲ್ ಅಂತ ಹಾಕಿದಾರಲ್ಲ ಭಾಯ್?"

"ಪದ್ಮಿನಿಗೆ ಒರಿಜಿನಲ್ಲೇ ಅಲ್ವಾ ಸಾರ್."

ಈ ಬರಹ ಆ ಎರಡು ಬಾಗಿಲುಗಳ ಬಗ್ಗೆ. ಮಾಲೀಕರನ್ನು ಸುಳ್ಳುಗಾರ ಅಂತ ಕರೆಯೋದು ನನ್ನ ಉದ್ದೇಶ ಅಲ್ಲ. ನನ್ನ ತಕರಾರು ಆ ಬೋರ್ಡಿನ ಬಗ್ಗೆ. ಅದರಲ್ಲಿ ಸೀಟು ಹೊಲಿದವರಿಗೂ ಜಾಗ ಇತ್ತು. ಬಾಗಿಲು ಕೊಟ್ಟ ಕಾರಿಗೆ ಮಾತ್ರ ಇರಲಿಲ್ಲ.

ಹಳೇ ಕಾರು ಜೋಡಿಸುವವರ ಭಾಷೆಯಲ್ಲಿ ಇನ್ನೊಂದಕ್ಕೆ ಭಾಗ ಕೊಡುವ ಕಾರಿಗೆ ಡೋನರ್ ಅಂತಾರೆ. ಕನ್ನಡದಲ್ಲಿ ಹೇಳಿದರೆ ದಾನಿ. ದಾನಿಗಳ ವಿಷಯದಲ್ಲಿ ನಾವು ಎಷ್ಟು ಧಾರಾಳಿಗಳು ಅಂತ ನಿಮಗೆ ಗೊತ್ತೇ ಇದೆ. ಯಾವ ದೇವಸ್ಥಾನಕ್ಕೆ ಬೇಕಾದರೂ ಹೋಗಿ. ಟ್ಯೂಬ್‌ಲೈಟಿನ ಮೇಲೆ ದಾನಿಯ ಹೆಸರು ಎಷ್ಟು ದೊಡ್ಡದಾಗಿ ಬರೆದಿರುತ್ತಾರೆ ಅಂದ್ರೆ ಬೆಳಕೇ ಅರ್ಧ ಆಚೆ ಬರೋದಿಲ್ಲ. ಫ್ಯಾನಿನ ರೆಕ್ಕೆ ಮೇಲೆ ಹೆಸರು, ಸ್ಟೀಲ್ ಬಕೆಟ್ ಮೇಲೆ ಹೆಸರು. ಅಂಥ ನಾಡಿನಲ್ಲಿ, ನಾಲ್ಕು ಬಾಗಿಲು, ಒಂದು ಬಾನೆಟ್, ಗೇರ್‌ಬಾಕ್ಸ್ ಎಲ್ಲಾ ಕೊಟ್ಟು ಕೊನೆಗೆ ತಾನೇ ಗುಜರಿಗೆ ಹೋದ ಕಾರಿನ ನಂಬರನ್ನು ಒಂದು ಚೀಟಿಯಲ್ಲಿ ಬರೆದಿಡುವ ಅಭ್ಯಾಸ ನಮಗಿಲ್ಲ.

ಯೂಟ್ಯೂಬಿನ ರಿಸ್ಟೊರೇಶನ್ ವಿಡಿಯೋ ನೋಡಿ. ಅದರ ಕತೆ ಈಗ ಹರಿಕತೆಯಷ್ಟೇ ಗಟ್ಟಿಯಾಗಿ ಕೂತುಬಿಟ್ಟಿದೆ. ಶೆಡ್ಡಿನಲ್ಲಿ ಧೂಳು ಹಿಡಿದ ಕಾರು ಸಿಗುತ್ತೆ. ನೀರು ಹೊಡೀತಾರೆ. ತುಕ್ಕು ಕಾಣುತ್ತೆ, ಸಂಗೀತ ಗಂಭೀರ ಆಗುತ್ತೆ. ವೆಲ್ಡಿಂಗ್ ಕಿಡಿ, ಪಟ್ಟಿ, ಪ್ರೈಮರ್, ಪೇಂಟ್. ಕೊನೆಗೆ ಬಟ್ಟೆ ಸರಿಸಿದ ಕೂಡಲೇ ಅಪ್ಪನ ಕಣ್ಣಲ್ಲಿ ನೀರು. ಇದರ ಮಧ್ಯೆ ಎಲ್ಲೋ ನಾಲ್ಕು ಸೆಕೆಂಡು ಇನ್ನೊಂದು ಕಾರು ಬರುತ್ತೆ. "ಅದೃಷ್ಟಕ್ಕೆ ನಮಗೊಂದು ಡೋನರ್ ಸಿಕ್ತು." ಅಷ್ಟೇ. ಅದು ಎಲ್ಲಿತ್ತು, ಓಡ್ತಿತ್ತಾ, ಯಾರದ್ದು, ಉಳಿದದ್ದು ಏನಾಯ್ತು, ಯಾರೂ ಕೇಳೋದಿಲ್ಲ. ಒಂದು ಕಾರು ಬದುಕಿದ ಕತೆಯನ್ನು ಹಿಂದೆ ಮುಂದೆ ಮಾಡಿ ನೋಡಿದರೆ ಇನ್ನೊಂದು ಕಾರು ಸತ್ತ ಕತೆ.

ನಮ್ಮ ದೇಶದಲ್ಲಿ ಈ ಬದಲಾವಣೆ ಇಷ್ಟು ಸಲೀಸಾಗಿ ನಡೆಯೋದಕ್ಕೆ ಕಾರಣ ಇದೆ. 1100ಡಿ ಬಂದದ್ದು 1964ರಲ್ಲಿ, ಮುಂಬೈನ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆಯಿಂದ. 1972ರಲ್ಲಿ ಅದೇ ಕಾರು ಪ್ರೀಮಿಯರ್ ಪ್ರೆಸಿಡೆಂಟ್ ಆಯ್ತು. 1974ರಲ್ಲಿ ಪ್ರೀಮಿಯರ್ ಪದ್ಮಿನಿ. ಗ್ರಿಲ್ ಬದಲಾಯ್ತು, ಹೆಸರಿನ ಪಟ್ಟಿ ಬದಲಾಯ್ತು, ಒಳಗಿನ ಚಿಕ್ಕಪುಟ್ಟ ಸಾಮಾನು ಬದಲಾದವು. ಆದರೆ ಒಳಗಿದ್ದ 1089 ಸಿಸಿ ಎಂಜಿನ್ ಅದೇ, ಮೈಕಟ್ಟು ಹೆಚ್ಚು ಕಡಿಮೆ ಅದೇ. ಹೀಗೇ 2000ನೇ ಇಸವಿಯ ಆಸುಪಾಸಿನವರೆಗೂ ನಡೀತು. ಇಟಲಿಯವರು ಮರೆತ ಕಾರನ್ನು ನಾವು ಮೂರೂವರೆ ದಶಕ ತಯಾರು ಮಾಡಿದೆವು. ಅಂಬಾಸಿಡರ್ ಕತೆ ಇನ್ನೂ ಉದ್ದ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಸರಣಿ 3ರ ಅಚ್ಚಿನಲ್ಲಿ 1950ರ ದಶಕದ ಕೊನೆಗೆ ಉತ್ತರಪಾರಾದಲ್ಲಿ ಶುರುವಾಗಿ 2014ರಲ್ಲಿ ನಿಂತಿತು. ಮುಖ ನಾಲ್ಕಾರು ಸಲ ಬದಲಾಯ್ತು, ಎಂಜಿನ್ ಬದಲಾಯ್ತು, ಆ ದುಂಡನೆಯ ಬೆನ್ನು ಮಾತ್ರ ಹಾಗೇ ಉಳೀತು.

ಲೈಸೆನ್ಸ್ ರಾಜ್ ಕಾಲದಲ್ಲಿ ಕಾರಿಗೆ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾದವರಿಗೆ ಇದು ಶಾಪ. ಆದರೆ ಗ್ಯಾರೇಜಿನವರಿಗೆ ಇದು ವರ. ಯಾವ ಊರಲ್ಲಿ ಕೆಟ್ಟು ನಿಂತರೂ ಇನ್ಯಾವುದೋ ಕಾರಿನ ಸಾಮಾನು ಕೂತುಬಿಡುತ್ತಿತ್ತು. ಸ್ವಲ್ಪ ತಟ್ಟಬೇಕು, ಒಂದು ವಾಷರ್ ಜಾಸ್ತಿ ಹಾಕಬೇಕು, ಅಷ್ಟೇ. ಭಾಯ್ ಥರದವರ ಇಡೀ ವಿದ್ಯೆ ಬೆಳೆದಿದ್ದು ಇದೇ ಅನುಕೂಲದ ಮೇಲೆ. ಅವರ ಪಾಲಿಗೆ ಭಾಗ ಬದಲಿಸೋದು ಮೋಸ ಅಲ್ಲ, ಅದೇ ರಿಪೇರಿ. ನಮ್ಮ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿ, ಶಿವಾಜಿನಗರದ ಗುಜರಿ ಇವೆಲ್ಲ ಇಲ್ಲದಿದ್ದರೆ ಈ ಊರಲ್ಲಿ ಎಷ್ಟೋ ಹಳೇ ಕಾರುಗಳು ಇವತ್ತು ಇರ್ತಿರಲಿಲ್ಲ. ಆದ್ದರಿಂದ "ಒಂದು ಬೋಲ್ಟೂ ಬದಲಿಸಬಾರದು" ಅನ್ನೋ ಮಡಿವಂತಿಕೆಗೆ ನನ್ನ ಒಪ್ಪಿಗೆ ಇಲ್ಲ. ಅದು ಕಾರು ಓಡಿಸದವರ ವಾದ.

ತೊಂದರೆ ಶುರುವಾಗಿದ್ದು ರಿಪೇರಿಗೆ ರಿಸ್ಟೊರೇಶನ್ ಅಂತ ಹೆಸರು ಬಂದಮೇಲೆ. ಟ್ಯಾಕ್ಸಿ ಓಡಿಸುವವನಿಗೆ ಬೇರೆ ಕಾರಿನ ಗೇರ್‌ಬಾಕ್ಸ್ ಹಾಕಿಕೊಟ್ಟಾಗ ಅದು ಬೇರೆಯದು ಅಂತ ಅವನಿಗೂ ಗೊತ್ತಿತ್ತು, ಹಾಕಿದವರಿಗೂ ಗೊತ್ತಿತ್ತು, ಅದನ್ನು ಮುಚ್ಚಿಡೋದರಿಂದ ಯಾರಿಗೂ ಲಾಭ ಇರಲಿಲ್ಲ. ಈಗ ಲಾಭ ಇದೆ. 1100ಡಿಗೂ ಪದ್ಮಿನಿಗೂ ಮಾರುಕಟ್ಟೆಯಲ್ಲಿ ಬೆಲೆ ಬೇರೆ. ಅವೆರಡರ ನಡುವೆ ಕಣ್ಣಿಗೆ ಕಾಣುವ ವ್ಯತ್ಯಾಸ ಬಹುಪಾಲು ಮೂಗು ಮತ್ತು ಹೆಸರು. ಎರಡನ್ನೂ ಸ್ಕ್ರೂ ಡ್ರೈವರ್ ಹಿಡಿದು ಬದಲಿಸಬಹುದು. ಹಾಗಾಗಿ "ಒರಿಜಿನಲ್" ಅನ್ನೋದು ಈಗ ಕಾರಿನ ಗುಣ ಅಲ್ಲ, ಬೆಲೆಯ ಗುಣ. ಭಾಗ ಬದಲಿಸಿದ್ದು ತಪ್ಪಲ್ಲದಿದ್ದರೂ ಬದಲಿಸಿದೆ ಅಂತ ಹೇಳೋದು ನಷ್ಟ. ನಷ್ಟ ಆಗೋ ಮಾತನ್ನು ಬೋರ್ಡಿನ ಮೇಲೆ ಯಾರು ಬರೀತಾರೆ ಹೇಳಿ?

ಹಾಗಾದರೆ ಎಷ್ಟು ಬದಲಾದರೆ ಕಾರು ಬೇರೆ ಕಾರಾಗುತ್ತೆ? ಇದು ಚಹಾ ಅಂಗಡಿಯ ಹರಟೆ ಥರ ಕಾಣುತ್ತೆ, ಆದರೆ ಇದೇ ಪ್ರಶ್ನೆ ಇಂಗ್ಲೆಂಡಿನಲ್ಲಿ ಕೋರ್ಟ್ ಮೆಟ್ಟಿಲು ಹತ್ತಿದೆ. ಬೆಂಟ್ಲಿ ಕಂಪನಿಯ "ಓಲ್ಡ್ ನಂಬರ್ ಒನ್" ಅನ್ನೋ ರೇಸ್ ಕಾರು 1929 ಮತ್ತು 1930ರಲ್ಲಿ ಸತತ ಎರಡು ಸಲ ಲೆ ಮಾನ್ಸ್ ಗೆದ್ದಿತ್ತು. ಎರಡು ಸಲವೂ ಸ್ಟೀರಿಂಗ್ ಹಿಡಿದವರಲ್ಲಿ ವುಲ್ಫ್ ಬರ್ನಾಟೊ ಒಬ್ಬ. ಆಮೇಲೆ ಅದನ್ನು ಬ್ರೂಕ್‌ಲ್ಯಾಂಡ್ಸ್ ರೇಸಿಗಾಗಿ ಮತ್ತೆ ಮತ್ತೆ ಬಿಚ್ಚಿ ಕಟ್ಟಿದರು, ಬೇರೆ ದೊಡ್ಡ ಎಂಜಿನ್ ಹಾಕಿದರು. 1932ರಲ್ಲಿ ಅಲ್ಲೇ ಅಪಘಾತ ಆಗಿ ಓಡಿಸುತ್ತಿದ್ದ ಕ್ಲೈವ್ ಡನ್ಫೀ ಸತ್ತ. ಅದಾದ ಮೇಲೂ ಕಾರಿಗೆ ಹೊಸ ಮೈ ಬಂತು. ದಶಕಗಳ ನಂತರ ಒಬ್ಬರು ಅದನ್ನು 1 ಕೋಟಿ ಪೌಂಡಿಗೆ ಮಾರಲು ಒಪ್ಪಂದ ಮಾಡಿಕೊಂಡರು. ಕೊಳ್ಳುವವರು ಆಮೇಲೆ ತಿರುಗಿ ಬಿದ್ದರು. ಇದು ಆ ಕಾರೇ ಅಲ್ಲ ಅಂದರು.

1990ರಲ್ಲಿ ನ್ಯಾಯಮೂರ್ತಿ ಆಟನ್ ತೀರ್ಪು ಕೊಟ್ಟರು. 1929ರಲ್ಲಿ ಗೆದ್ದ ಕಾರಿನದ್ದು ಅಂತ ಹೇಳಬಹುದಾದ ಭಾಗ ಅದರಲ್ಲಿ ಹೆಚ್ಚು ಕಡಿಮೆ ಏನೂ ಉಳಿದಿರಲಿಲ್ಲ. ಅದನ್ನು ಅವರೂ ಒಪ್ಪಿಕೊಂಡರು. ಆದರೂ ಅದು ಓಲ್ಡ್ ನಂಬರ್ ಒನ್ನೇ ಅಂದರು. ಯಾಕೆ? ಅದು ಯಾವತ್ತೂ ಕಣ್ಮರೆಯಾಗಿ ಮತ್ತೆ ಹುಟ್ಟಿದ್ದಲ್ಲ. ಒಂದೊಂದೇ ಭಾಗ ಬದಲಾಗುತ್ತಾ, ಒಂದೇ ಕಾರಾಗಿ, ಒಂದೇ ಇತಿಹಾಸದ ದಾರದಲ್ಲಿ ಬಂದಿತ್ತು. ಆ ದಾರ ಎಲ್ಲೂ ಕಡಿದಿರಲಿಲ್ಲ.

ನಮಗೆ ಇದು ಅರ್ಥವಾಗೋದು ಕಷ್ಟ ಅಲ್ಲ. ನಮ್ಮ ಊರುಗಳ ತೇರು ಹೀಗೇ ಅಲ್ವಾ? ಒಂದು ವರ್ಷ ಗಾಲಿ ಹೊಸದು, ಇನ್ನೊಂದು ವರ್ಷ ಅಚ್ಚು ಹೊಸದು, ಹಗ್ಗವಂತೂ ಬದಲಾಗುತ್ತಲೇ ಇರುತ್ತೆ. ಆದರೂ ಅದೇ ತೇರು, ಅಜ್ಜ ಎಳೆದದ್ದು, ಅಪ್ಪ ಎಳೆದದ್ದು. ಆದರೆ ತೇರಿಗೆ ಹೊಸ ಗಾಲಿ ಬಂದಾಗ ಅದು ಇಡೀ ಊರಿಗೆ ಗೊತ್ತಿರುತ್ತೆ. ಮರ ಯಾರ ತೋಟದ್ದು, ಮಾಡಿದ ಆಚಾರಿ ಯಾರು, ದುಡ್ಡು ಕೊಟ್ಟವರು ಯಾರು, ಎಲ್ಲಾ ಗೊತ್ತಿರುತ್ತೆ. ಅದು ಗುಟ್ಟಲ್ಲ, ಹೆಮ್ಮೆ. ದಾರ ಕಡಿಯದೆ ಇರೋದು ಹೀಗೆ.

ಆ ತೀರ್ಪನ್ನು ನಾನು ಒಪ್ಪುತ್ತೇನೆ. ಆದರೆ ಅದು ಅರ್ಧ ಪ್ರಶ್ನೆಗೆ ಮಾತ್ರ ಉತ್ತರ. ಭಾಗ ತಗೊಂಡ ಕಾರು ಯಾವುದು ಅಂತ ಅದು ಹೇಳುತ್ತೆ. ಭಾಗ ಕೊಟ್ಟ ಕಾರಿನ ಪರವಾಗಿ ಯಾರೂ ಕೋರ್ಟಿಗೆ ಹೋಗೋದಿಲ್ಲ. ಕಾರನ್ನು ಕಾರಾಗಿ ಮಾಡೋದು ಅದರ ಲೋಹ ಅಲ್ಲ, ಅದರ ಇತಿಹಾಸ ಅಂತಾದರೆ, ಡೋನರ್‌ಗೂ ಒಂದು ಇತಿಹಾಸ ಇತ್ತು. ಅದು ಎಲ್ಲಿ ಕೊನೆಯಾಯ್ತು ಅಂತ ಬರೆದಿಡದಿದ್ದರೆ ತಗೊಂಡ ಕಾರಿನ ಇತಿಹಾಸದಲ್ಲೂ ಒಂದು ತೂತು ಬಿದ್ದ ಹಾಗೆ. ಬಾಗಿಲು ಬದಲಾದ ಮೇಲೆ ಅವೆರಡೂ ಬೇರೆ ಬೇರೆ ಕತೆಗಳಲ್ಲ.

ನಮ್ಮ ಕಾನೂನೂ ಈ ಪ್ರಶ್ನೆಯನ್ನು ತಪ್ಪಾಗಿ ಕೇಳುತ್ತೆ ಅನ್ನೋದು ನನ್ನ ಅಭಿಪ್ರಾಯ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನೋಂದಣಿ ನಿಯಮ ತಂತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಶುಲ್ಕ 20,000 ರೂಪಾಯಿ. ನೋಂದಣಿ 10 ವರ್ಷಕ್ಕೆ. ನಂಬರಿನ ಮಧ್ಯೆ "ವಿಎ" ಅಂತ ಎರಡು ಅಕ್ಷರ ಬರುತ್ತೆ. ದಿನಾ ಆಫೀಸಿಗೆ ಓಡಿಸೋ ಹಾಗಿಲ್ಲ, ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲ್ ಹಾಕಿಸೋದಕ್ಕೆ, ರಿಪೇರಿಗೆ ಅಂತ ಮಾತ್ರ ರಸ್ತೆಗಿಳೀಬಹುದು. ಒಟ್ಟಾರೆ ಒಳ್ಳೆಯ ನಿಯಮ. ಆದರೆ ಒಂದು ಷರತ್ತು ಇದೆ: ವಾಹನ ಮೂಲ ರೂಪದಲ್ಲಿರಬೇಕು, ಚಾಸಿಸ್, ಬಾಡಿ, ಎಂಜಿನ್‌ನಲ್ಲಿ ಬದಲಾವಣೆ ಸೇರಿದಂತೆ ದೊಡ್ಡ ಮಟ್ಟದ ಮಾರ್ಪಾಡು ಆಗಿರಬಾರದು.

50 ವರ್ಷ ನಮ್ಮ ಮಳೆಯಲ್ಲಿ, ನಮ್ಮ ರಸ್ತೆಯಲ್ಲಿ ಬದುಕಿದ ಕಾರಿನಲ್ಲಿ ಏನೂ ಬದಲಾಗದೆ ಇರೋದು ಎಷ್ಟು ಅಪರೂಪ ಅಂತ ಯಾವ ಟಿಂಕರ್‌ನ ಕೇಳಿದರೂ ಹೇಳ್ತಾನೆ. ನಿಯಮ "ಬದಲಾಗಿದೆಯಾ?" ಅಂತ ಕೇಳಿದರೆ ಜನ "ಇಲ್ಲ" ಅಂತಾರೆ. "ಏನು ಬದಲಾಗಿದೆ, ಯಾವಾಗ, ಎಲ್ಲಿಂದ ತಂದಿರಿ?" ಅಂತ ಕೇಳಿದ್ದರೆ ಜನ ಬಿಲ್ಲು ಇಟ್ಟುಕೊಳ್ಳೋದು ಕಲೀತಿದ್ದರು. ಪ್ರಾಮಾಣಿಕವಾಗಿ ಬರೆದಿಟ್ಟವನು ಆತಂಕದಲ್ಲಿ ನಿಲ್ಲಬೇಕು, ಮುಚ್ಚಿಟ್ಟವನು ಪದಕ ಹಾಕಿಸ್ಕೊಂಡು ಹೋಗಬೇಕು ಅನ್ನೋದು ಒಳ್ಳೆಯ ವ್ಯವಸ್ಥೆ ಅಲ್ಲ.

ಇಷ್ಟೆಲ್ಲ ಉಪದೇಶ ಮಾಡಿದ ಮೇಲೆ ನನ್ನ ಲೆಕ್ಕವನ್ನೂ ಒಪ್ಪಿಸಬೇಕು.

ನಮ್ಮ ಮನೆಯಲ್ಲಿ ಅಪ್ಪನ ಪದ್ಮಿನಿ ಇದೆ. 1984ರದ್ದು. ಏಳೆಂಟು ವರ್ಷ ಕವರ್ ಹಾಕಿ ನಿಲ್ಲಿಸಿದ್ವಿ. ತೆಗೆದು ನೋಡಿದಾಗ ನಾಲ್ಕೂ ಬಾಗಿಲ ಕೆಳಗಿನ ಅಂಚು ಹಪ್ಪಳ ಆಗಿತ್ತು. ಹೊಸ ತಗಡು ಕತ್ತರಿಸಿ ಬೆಸೀಬಹುದು, ಆದ್ರೆ ಅದಕ್ಕೆ ಕೈ ಚಳಕ ಬೇಕು, ಸಮಯ ಬೇಕು. ಭಾಯ್ ತಾವೇ ಹುಡುಕಿ ತುಮಕೂರು ಕಡೆ ಒಂದು ಪದ್ಮಿನಿ ಇದೆ ಅಂದರು. ತಿಳಿ ಹಸಿರು ಬಣ್ಣದ್ದು. ಬಿಡಿ ಬಾಗಿಲು ಕೊಳ್ಳೋದು ಬೇಡ, ಇಡೀ ಕಾರು ತಗೊಂಡರೆ ಲಾಭ ಅಂದರು. ಲೆಕ್ಕ ಸರಿಯಾಗೇ ಇತ್ತು. ಕಾರಿಗೆ 60 ಸಾವಿರ ಕೇಳಿದರು. ಬಾಗಿಲು, ಗಾಜು, ಡಿಕ್ಕಿ, ಗೇರ್‌ಬಾಕ್ಸ್, ಬಂಪರ್ ಎಲ್ಲಾ ಬೇರೆ ಬೇರೆ ಮಾರಿದರೆ ಅದಕ್ಕಿಂತ ಜಾಸ್ತಿ ಬರುತ್ತೆ. ನನಗೆ ಬೇಕಾದ್ದು ಇಟ್ಟುಕೊಂಡು ಉಳಿದದ್ದನ್ನ ಮಾರಿದರೆ ಬಾಗಿಲು ಪುಕ್ಕಟೆ.

ಒಂದೇ ಒಂದು ವಿಷಯ ನಾನು ಮೊದಲು ಕೇಳಿರಲಿಲ್ಲ. ಅದು ಲಾರಿಯಲ್ಲಿ ಬರುತ್ತೆ ಅಂದುಕೊಂಡಿದ್ದೆ. ಓಡಿಸಿಕೊಂಡು ಬಂದರು. ತುಮಕೂರಿಂದ ಬೆಂಗಳೂರಿನವರೆಗೆ, ಎಪ್ಪತ್ತು ಕಿಲೋಮೀಟರ್, ಸುಸ್ತಿಲ್ಲದೆ. ಗ್ಯಾರೇಜ್ ಮುಂದೆ ನಿಂತು ಎಂಜಿನ್ ಆಫ್ ಮಾಡಿದಾಗ ನನಗೆ ಒಂದು ಕ್ಷಣ ಏನು ಹೇಳಬೇಕು ಅಂತ ತೋಚಲಿಲ್ಲ. ಆ ಹೊತ್ತಿಗೆ ನಮ್ಮ ಕಾರು ಸ್ಟಾರ್ಟ್ ಕೂಡ ಆಗ್ತಿರಲಿಲ್ಲ. ಸರಿಯಾಗಿ ಯೋಚನೆ ಮಾಡಿದರೆ ಅವತ್ತು ನಮ್ಮ ಕಾರೇ ಡೋನರ್ ಆಗಬೇಕಿತ್ತು. ಆಗಲಿಲ್ಲ. ಯಾಕಂದ್ರೆ ಅದು ನಮ್ಮಪ್ಪನ ಕಾರು. ಆ ಹಸಿರು ಕಾರು ಯಾರಪ್ಪನದು ಅಂತ ನಾನು ಕೇಳಲಿಲ್ಲ. ಎರಡೇ ದಿನದಲ್ಲಿ ಅದನ್ನ ಬಿಚ್ಚಿದರು.

"ಅದು ಹೇಗಿದ್ರೂ ಗುಜರಿಗೆ ಹೋಗ್ತಿತ್ತು" ಅನ್ನೋದು ನಮ್ಮ ಹವ್ಯಾಸದ ಅತಿ ಜನಪ್ರಿಯ ಸಮಾಧಾನ. ಎಷ್ಟೋ ಸಲ ಅದು ನಿಜ. ಅಪಘಾತದಲ್ಲಿ ಮುರಿದದ್ದು, ಕೆರೆ ಪಕ್ಕ ತುಕ್ಕು ತಿಂದದ್ದು, ಕಾಗದ ಪತ್ರ ಇಲ್ಲದ್ದು, ಅವುಗಳಿಂದ ಒಂದು ಗ್ರಿಲ್ ಉಳಿದರೂ ಪುಣ್ಯ. ಆದರೆ ಅದು ಯಾವಾಗಲೂ ನಿಜ ಅಲ್ಲ. ಒಂದು ಸಾಧಾರಣ ಕಾರಿನ ಬಿಡಿ ಭಾಗಗಳ ಬೆಲೆ ಇಡೀ ಕಾರಿನ ಬೆಲೆಯನ್ನು ದಾಟಿದ ದಿನ, ಓಡುವ ಕಾರೂ ಡೋನರ್ ಆಗುತ್ತೆ. ಆ ಬೆಲೆ ಏರಿಸೋದು ನಮ್ಮಂಥವರ ಪ್ರೀತಿಯೇ. ಮುಂಬೈನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಗೆ 20 ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್‌ನಲ್ಲಿ ಅದು ರಸ್ತೆ ಬಿಟ್ಟಾಗ ನಾವೆಲ್ಲ ಸ್ಟೇಟಸ್ ಹಾಕಿಕೊಂಡು ದುಃಖ ಪಟ್ಟೆವು. ಅದು ಕಾನೂನು ತೆಗೆದದ್ದು. ನಾವು ತೆಗೆದವುಗಳಿಗೆ ಸ್ಟೇಟಸ್ ಇಲ್ಲ.

ಹಾಗಾದರೆ ಏನು ಮಾಡಬೇಕು? ಭಾಗ ಬದಲಿಸಲೇಬಾರದು ಅಂತ ನಾನು ಹೇಳೋದಿಲ್ಲ. ಆದರೆ ಎಲ್ಲ ಭಾಗವೂ ಒಂದೇ ಅಲ್ಲ. ಬ್ರೇಕಿನ ರಬ್ಬರು, ಸ್ಟೀರಿಂಗ್ ಜಾಯಿಂಟು, ಬೇರಿಂಗು, ಹೋಸುಗಳು ಸವೆಯೋಕೇ ಹುಟ್ಟಿದವು. ಅವು ಹೊಸದೇ ಇರಬೇಕು. ಹಳೇದರಿಂದ ಹಳೇದಕ್ಕೆ ಹಾಕಿ "ಒರಿಜಿನಲ್" ಅನ್ನೋದು ಪ್ರಾಣದ ಜೊತೆ ಆಟ. ಬಾಗಿಲು, ಬಾನೆಟ್, ಗಾಜು, ಗೇರ್‌ಬಾಕ್ಸ್ ಇನ್ನೊಂದು ಜಾತಿ. ಅವನ್ನು ಬದಲಿಸಬಹುದು, ಹೇಳಿ ಬದಲಿಸಬೇಕು. ಎಂಜಿನ್ ಬದಲಾದರೆ ಆರ್‌ಟಿಒದಲ್ಲಿ ಆರ್‌ಸಿಗೆ ಬರೆಸಲೇಬೇಕು. ಮೂರನೆಯದು ಚಾಸಿಸ್ ನಂಬರ್. ಪದ್ಮಿನಿಗಾಗಲಿ ಅಂಬಾಸಿಡರಿಗಾಗಲಿ ಲಾರಿಯ ಥರ ಬೇರೆ ಚಾಸಿಸ್ ಇಲ್ಲ, ಮೈಯೇ ಚಾಸಿಸ್. ಸತ್ತ ಕಾರಿನ ಆರ್‌ಸಿ ಕೊಂಡು, ಅದರ ನಂಬರನ್ನು ಬದುಕಿರುವ ಇನ್ನೊಂದು ಮೈಗೆ ಬೆಸೆದು "ಅಪರೂಪದ 1100ಡಿ" ಮಾಡೋದು ರಿಸ್ಟೊರೇಶನ್ನೂ ಅಲ್ಲ, ರಿಪೇರಿಯೂ ಅಲ್ಲ. ಅದು ಬೇರೆಯವರ ಆಧಾರ್ ಕಾರ್ಡಿಗೆ ನಮ್ಮ ಫೋಟೋ ಅಂಟಿಸಿದ ಹಾಗೆ. ಕಾನೂನಿನ ಕಣ್ಣಲ್ಲೂ ಅಪರಾಧ.

ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ 2012ರಲ್ಲಿ ಟ್ಯುರಿನ್ ಚಾರ್ಟರ್ ಅಂತ ಒಂದು ಮಾರ್ಗಸೂಚಿ ಒಪ್ಪಿಕೊಂಡಿತು. ಹಳೇ ಕಟ್ಟಡ ಕಾಪಾಡುವವರ ಶಿಸ್ತನ್ನು ಕಾರಿಗೂ ತಂದದ್ದು ಅದರ ವಿಶೇಷ. ಸಾರಾಂಶ ನಮ್ಮ ಅಜ್ಜಿಯಂದಿರ ಬುದ್ಧಿಮಾತಿನ ಹಾಗೇ ಇದೆ: ಬೇಕಾದಷ್ಟೇ ಮುಟ್ಟು, ಮಾಡಿದ್ದನ್ನು ಬರೆದಿಡು, ತೆಗೆದ ಭಾಗವನ್ನು ಕಾರಿನ ಜೊತೆಗೇ ಇಡು. ಇದಕ್ಕೆ ಲಕ್ಷಾಂತರ ರೂಪಾಯಿ ಬೇಡ. ಒಂದು 40 ಪುಟದ ನೋಟ್‌ಬುಕ್ ಸಾಕು.

ನಮ್ಮ ಕಾರಿನ ಗ್ಲೋವ್ ಬಾಕ್ಸಿನಲ್ಲಿ ಈಗ ಅಂಥ ಒಂದು ನೋಟ್‌ಬುಕ್ ಇದೆ. ಮೊದಲ ಪುಟದಲ್ಲಿ ಆ ಹಸಿರು ಪದ್ಮಿನಿಯ ನೋಂದಣಿ ನಂಬರು, ಅದು ಬಂದ ತಾರೀಖು, ತಾನೇ ಓಡಿಕೊಂಡು ಬಂತು ಅನ್ನೋ ಮಾತು, ನಾವು ತಗೊಂಡದ್ದರ ಪಟ್ಟಿ, ಉಳಿದದ್ದು ಯಾರ ಕೈಗೆ ಹೋಯ್ತು ಅನ್ನೋದು. ತಡವಾಗಿ ಮಾಡಿದ ಕೆಲಸ. ಬರೆದದ್ದರಿಂದ ಆ ಕಾರು ವಾಪಸ್ ಬರೋದಿಲ್ಲ ಅಂತ ನನಗೂ ಗೊತ್ತು. ಆದರೆ ಮುಂದೆ ಯಾರಾದರೂ "ಒರಿಜಿನಲ್ಲಾ?" ಅಂತ ಕೇಳಿದರೆ ನಾನು ಹೌದು ಅಲ್ಲ ಅನ್ನೋದರ ಬದಲು ಆ ಪುಟ ತೆಗೆದು ತೋರಿಸಬಹುದು.

ಪೇಂಟ್ ಮಾಡುವಾಗ ಭಾಯ್‌ಗೆ ಇನ್ನೊಂದು ಮಾತು ಹೇಳಿದ್ದೆ. ಬಾಗಿಲ ಹೊರಗೆ ನಮ್ಮ ಕಾರಿನ ಬಿಳಿ ಹೊಡೀರಿ, ಆದ್ರೆ ಒಳಗಡೆ, ಪ್ಯಾಡಿನ ಹಿಂದೆ ಇರೋ ಹಸಿರನ್ನ ಹಾಗೇ ಬಿಡಿ ಅಂತ. ಅವರಿಗೆ ವಿಚಿತ್ರ ಅನ್ನಿಸ್ತು.

"ಯಾರಿಗೂ ಕಾಣಲ್ಲ ಸಾರ್ ಅದು."

"ಕಾಣೋದು ಬೇಡ ಭಾಯ್. ಮುಂದೆ ಯಾವತ್ತೋ ಇದನ್ನ ಬಿಚ್ಚೋನಿಗೆ ಗೊತ್ತಾದ್ರೆ ಸಾಕು."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಪ್ಯಾಡ್ ಕೂರಿಸಿ ಕ್ಲಿಪ್ ಒತ್ತುತ್ತಾ ಅಂದರು, "ನಾವು ಬಿಚ್ಚಿದ್ದೆಲ್ಲಾ ಬರೀತಾ ಹೋಗಿದ್ರೆ ಸಾರ್, ಇಷ್ಟೊತ್ತಿಗೆ ಒಂದು ಬೀರು ತುಂಬಾ ಪುಸ್ತಕ ಆಗಿರೋದು."